ಮೊದಲ ನೈಟ್ ಡ್ಯೂಟಿ ಹತ್ತಿರ ಬಂತು: ವಾರ್ಡ್ ಅನುಭವ ಇರುವವರು ದಯವಿಟ್ಟು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಫೀಮೇಲ್ ಮೆಡಿಸಿನ್ ವಾರ್ಡ್. ಮುಂದಿನ ವಾರದಿಂದ ನೈಟ್. ರಾತ್ರಿ ಇಬ್ಬರೇ ಸಿಸ್ಟರ್, ಅದರಲ್ಲಿ ನಾನೊಬ್ಬಳು. ಕಾಲೇಜಲ್ಲಿ ಎಲ್ಲಾ ಓದಿದ್ದೇನೆ, ಆದರೆ ಟ್ರೇ ಹಿಡಿದು ನಿಂತಾಗ ಯಾವುದು ಮೊದಲು ಅಂತಲೇ ತೋಚುವುದಿಲ್ಲ. ನನ್ನಿಂದ ಯಾರಿಗೂ ತೊಂದರೆ ಆಗಬಾರದು. ಪುಸ್ತಕದಲ್ಲಿ ಇರೋದು ಬೇಡ, ನೀವು ವಾರ್ಡಲ್ಲಿ ನಿಜವಾಗಿ ಏನು ಮಾಡುತ್ತೀರಿ ಅದನ್ನು ಹೇಳಿ.

ಮೆಡಿಸಿನ್ ವಾರ್ಡ್, ಸೀನಿಯರ್ ಸ್ಟಾಫ್

ತಂಗಿ, ನಾನು ಹೆಸರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಫೀಮೇಲ್ ವಾರ್ಡಲ್ಲಿ ಯಾವಾಗ ನೋಡಿದರೂ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ, ಇಲ್ಲದಿದ್ದರೆ ಇಬ್ಬರು ಜಯಮ್ಮ. ಹತ್ತಿರ ಹೋಗಿ "ಲಕ್ಷ್ಮಮ್ಮ ಅಲ್ವಾ?" ಅಂದರೆ ಸಾಕು, ನಿದ್ದೆಗಣ್ಣಲ್ಲಿರುವ, ಕಿವಿ ಸರಿಯಾಗಿ ಕೇಳದ, ಜ್ವರ ಏರಿರುವ ಯಾವ ಅಜ್ಜಿಯಾದರೂ "ಹೂಂ" ಅನ್ನುತ್ತಾರೆ. ಸಿಸ್ಟರ್ ಕೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ಅವರ ಮನಸ್ಸಲ್ಲಿರುತ್ತದೆ. ಅದಕ್ಕೇ ಹೆಸರನ್ನು ನಾವು ಹೇಳಬಾರದು. ಅವರ ಬಾಯಿಂದಲೇ ಬರಬೇಕು. "ಅಮ್ಮಾ, ನಿಮ್ಮ ಹೆಸರೇನು? ಯಾವ ಊರು?" ಅಂತ ಕೇಳಿ. ಗಂಡನ ಹೆಸರು ಕೇಳಿದರೆ ಎಷ್ಟೋ ಅಜ್ಜಿಯರು ಹೇಳುವುದಿಲ್ಲ, ಊರು ಮಾತ್ರ ಎಲ್ಲರೂ ಹೇಳುತ್ತಾರೆ. ಆಮೇಲೆ ಕೈಗೆ ಕಟ್ಟಿರುವ ಬ್ಯಾಂಡಿನ ಐಪಿ ನಂಬರನ್ನು (ಅಡ್ಮಿಟ್ ಆದಾಗ ಕೊಡುವ ನಂಬರ್) ಕೇಸ್ ಶೀಟ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ನಂಬಲೇಬೇಡಿ. ಫ್ಯಾನ್ ಗಾಳಿ ಬರಲ್ಲ ಅಂತ, ಊರಿನವರ ಪಕ್ಕ ಇರಬೇಕು ಅಂತ ಅವರವರೇ ಬೆಡ್ ಬದಲಾಯಿಸಿಕೊಂಡಿರುತ್ತಾರೆ, ನಮಗೆ ಯಾರೂ ಹೇಳಿರುವುದಿಲ್ಲ.

ಇದಕ್ಕೆ ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿಯುತ್ತದೆ. ಆ ಅರ್ಧ ನಿಮಿಷವನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳದಂತೆ ನೋಡಿಕೊಳ್ಳಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ವಾರ್ಡಲ್ಲಿ ಆಗುವ ತಪ್ಪುಗಳಲ್ಲಿ ಗೊತ್ತಿಲ್ಲದೆ ಆಗುವುದಕ್ಕಿಂತ ಅವಸರದಲ್ಲಿ ಆಗುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಸಿರಿಂಜಿಗೆ ಔಷಧಿ ಎಳೆಯುವಾಗ ಒಂದು ಕಡೆ ಪೇಷೆಂಟ್ ಜೊತೆಗಿರುವ ಅಟೆಂಡರ್ "ಸಿಸ್ಟರ್, ಡ್ರಿಪ್ ಮುಗೀತು" ಅಂತಾರೆ, ಇನ್ನೊಂದು ಕಡೆ ಫೋನ್ ಹೊಡ್ಕೊಳ್ಳುತ್ತೆ. ಆಗ "ಒಂದು ನಿಮಿಷ ಇರಿ, ಬಂದೆ" ಅಂತ ಜೋರಾಗಿ ಹೇಳಿ, ಕೈಯಲ್ಲಿರುವುದನ್ನು ಮುಗಿಸಿ ಹೋಗಿ. ಮಧ್ಯದಲ್ಲಿ ಬಿಟ್ಟು ಹೋಗಲೇಬೇಕಾಗಿ ಬಂದರೆ, ವಾಪಸ್ ಬಂದಾಗ ಆ ಸಿರಿಂಜ್ ಎಸೆದು ಮೊದಲಿನಿಂದ ಶುರು ಮಾಡಿ. ಬೇರೆಯವರು ಎಳೆದಿಟ್ಟ ಸಿರಿಂಜನ್ನು "ಇದೊಂದು ಕೊಟ್ಟುಬಿಡು" ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಎಳೆದವರೇ ಹೆಸರು ಬರೆದು ಅಂಟಿಸಬೇಕು, ಅವರೇ ಕೊಡಬೇಕು.

ಎರಡು ಔಷಧಿ ಬಗ್ಗೆ ಮಾತ್ರ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಇನ್ಸುಲಿನ್. ನಮ್ಮ ದೇಶದಲ್ಲಿ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. ಅಂದರೆ ಒಂದು ಎಂಎಲ್‌ನಲ್ಲಿ ಅಷ್ಟು ಯೂನಿಟ್ ಅಂತ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಆರ್ಡರ್ 20 ಯೂನಿಟ್ ಅಂತಿದೆ ಅಂದುಕೊಳ್ಳಿ. 100ರ ವಯಲ್‌ನಿಂದ ಕೆಂಪು ಮುಚ್ಚಳದ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ತಿರುಗುಮುರುಗಾದರೆ, ಅಂದರೆ 40ರ ವಯಲ್‌ಗೆ ಕಿತ್ತಳೆ ಸಿರಿಂಜ್ ಹಾಕಿದರೆ, ಬರೀ 8 ಯೂನಿಟ್ ಹೋಗುತ್ತದೆ. ಪೇಷೆಂಟ್ ಮನೆಯಿಂದ ತಂದ ಇನ್ಸುಲಿನ್ ಇರುತ್ತದಲ್ಲ, ಅಲ್ಲೇ ಇದು ಜಾಸ್ತಿ ಆಗೋದು. ವಯಲ್ ಮೇಲಿನ ನಂಬರ್ ಓದಿ, ಸಿರಿಂಜ್ ಮೇಲಿನ ನಂಬರ್ ಓದಿ, ಜೊತೆಗಿರುವ ಸಿಸ್ಟರ್‌ಗೆ ತೋರಿಸಿ, ಆಮೇಲೆ ಚುಚ್ಚಿ. ಬರೆಯುವಾಗ "ಯು" ಅಕ್ಷರ ಒಂದೇ ಇಂಗ್ಲಿಷಲ್ಲಿ ಬರೆದರೆ ಸೊನ್ನೆ ಥರ ಕಾಣುತ್ತದೆ, 10 ಹೋಗಿ 100 ಆಗುತ್ತದೆ. ಯೂನಿಟ್ ಅಂತ ಪೂರ್ತಿ ಬರೆಯಿರಿ. ಕೊಡುವ ಮುಂಚೆ ಊಟ ಬಂದಿದೆಯಾ, ಅವರು ತಿನ್ನುವ ಸ್ಥಿತಿಯಲ್ಲಿದ್ದಾರಾ ಅಂತ ಕಣ್ಣಾರೆ ನೋಡಿ. ಬೆಳಗಿನ ಜಾವ ಯಾರಾದರೂ ಬೆವರಿದ್ದರೆ, ಏನೇನೋ ಮಾತಾಡುತ್ತಿದ್ದರೆ "ನಿದ್ದೆಗಣ್ಣು" ಅಂತ ಬಿಟ್ಟುಬಿಡಬೇಡಿ, ತಕ್ಷಣ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರವಾಗಿ ನುಂಗಬಲ್ಲವರಾದರೆ 3-4 ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಡಾಕ್ಟರನ್ನು ಕರೆಯಿರಿ, ಡೆಕ್ಸ್‌ಟ್ರೋಸ್ ರೆಡಿ ಇಡಿ.

ಎರಡನೆಯದು ಕೆಸಿಎಲ್, ಅಂದರೆ ಪೊಟ್ಯಾಷಿಯಂ ಕ್ಲೋರೈಡ್. 10 ಎಂಎಲ್ ಆಂಪೂಲ್, ಅದರಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಷಿಯಂ. ನೋಡಲು ಡಿಸ್ಟಿಲ್ಡ್ ವಾಟರ್ ಥರವೇ ಇರುತ್ತದೆ. ಬೆರೆಸದೆ ನೇರವಾಗಿ ಐವಿ ಪುಶ್ ಮಾಡಿದರೆ, ಅಂದರೆ ಸಿರಿಂಜಿಂದ ರಕ್ತನಾಳಕ್ಕೆ ಒತ್ತಿದರೆ, ಹೃದಯ ನಿಂತುಬಿಡುತ್ತದೆ. ಯಾವಾಗಲೂ ಡ್ರಿಪ್ಪಲ್ಲಿ ಬೆರೆಸಿಯೇ ಕೊಡಬೇಕು, ಬೆರೆಸಿದ ಮೇಲೆ ಬಾಟಲಿಯನ್ನು ಮೇಲೆ ಕೆಳಗೆ ಮಾಡಿ ಚೆನ್ನಾಗಿ ಕಲಸಬೇಕು, ಇಲ್ಲದಿದ್ದರೆ ಅದು ತಳದಲ್ಲೇ ನಿಂತು ಮೊದಲ ಹನಿಗಳಲ್ಲೇ ಹೋಗಿಬಿಡುತ್ತದೆ. ಮಾನಿಟರ್ ಇಲ್ಲದ ವಾರ್ಡಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್‌ಗಿಂತ ಜಾಸ್ತಿ ಓಡಿಸುವುದಿಲ್ಲ. ಅದನ್ನು ಬೇರೆ ಆಂಪೂಲ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದು ಕಂಡರೆ ಆವತ್ತೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ಬೇರೆ ಮಾಡಿಸಿ. ಹೊಸಬಳು ನಾನ್ಯಾಕೆ ಹೇಳಲಿ ಅಂತ ಸುಮ್ನೆ ಇರಬೇಡಿ.

ಐಸಿಯು ಸ್ಟಾಫ್

ಮೇಲಿನ ಅಕ್ಕ ಔಷಧಿ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಉಸಿರಿನ ಬಗ್ಗೆ ಹೇಳುತ್ತೇನೆ. ವಾರ್ಡಿಂದ ನಮ್ಮ ಐಸಿಯುಗೆ ಬರುವ ಚಾರ್ಟ್ ನೋಡಿದರೆ ಎಷ್ಟೋ ಸಲ ರೆಸ್ಪಿರೇಷನ್ ಕಾಲಂನಲ್ಲಿ ಬೆಳಿಗ್ಗೆ 20, ಮಧ್ಯಾಹ್ನ 20, ರಾತ್ರಿ 20. ಪೇಷೆಂಟ್ ನೋಡಿದರೆ ಏದುಸಿರು ಬಿಡುತ್ತಿರುತ್ತಾರೆ. ಬಿಪಿಗೆ ಮೆಷಿನ್ ಇದೆ, ಸ್ಯಾಚುರೇಷನ್‌ಗೆ ಮೆಷಿನ್ ಇದೆ, ಉಸಿರನ್ನು ಮಾತ್ರ ನಾವೇ ಎಣಿಸಬೇಕು, ಅದಕ್ಕೇ ಎಲ್ಲರೂ ಬಿಡುವುದು. ಆದರೆ ಮೈ ಕೆಡುತ್ತಿದೆ ಅಂತ ಮೊದಲು ಗೊತ್ತಾಗುವುದು ಬಹಳ ಸಲ ಅದರಿಂದಲೇ. ಪಲ್ಸ್ ನೋಡುವ ಹಾಗೆ ಕೈ ಹಿಡಿದುಕೊಂಡು, ಎದೆ ಕಡೆ ನೋಡುತ್ತಾ, ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಅವರ ಉಸಿರು ಬದಲಾಗುತ್ತದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ಪೇಷೆಂಟ್ ಸ್ಥಿತಿ ಕೆಡುತ್ತಿದೆಯಾ ಅಂತ ಅಂಕ ಹಾಕಿ ನೋಡುವ ನ್ಯೂಸ್ ಅನ್ನುವ ಸ್ಕೋರ್ ಇದೆ. ಅದರಲ್ಲಿ ಉಸಿರು 12ರಿಂದ 20 ಇದ್ದರೆ ಸೊನ್ನೆ, 25 ಮುಟ್ಟಿದರೆ ನೇರವಾಗಿ 3 ಅಂಕ, ಅಂದರೆ ಅದೊಂದರಲ್ಲೇ ಸಿಗುವ ಅತಿ ಹೆಚ್ಚಿನ ಅಂಕ. ನಿಮ್ಮ ವಾರ್ಡಲ್ಲಿ ಸ್ಕೋರ್ ಶೀಟ್ ಇಲ್ಲದಿದ್ದರೂ 25 ಅನ್ನುವ ನಂಬರ್ ತಲೆಯಲ್ಲಿರಲಿ.

ಡಾಕ್ಟರಿಗೆ ಫೋನ್ ಮಾಡುವುದಕ್ಕೂ ಒಂದು ರೀತಿ ಇದೆ. "ಸರ್, ಪೇಷೆಂಟ್ ಯಾಕೋ ಸರಿಯಿಲ್ಲ" ಅಂದರೆ ನಿದ್ದೆಯಿಂದ ಎದ್ದ ಡ್ಯೂಟಿ ಡಾಕ್ಟರ್ "ಸರಿ, ನೋಡ್ತಾ ಇರಿ" ಅಂದುಬಿಡುತ್ತಾರೆ. ಹೀಗೆ ಹೇಳಿ ನೋಡಿ: "ಸರ್, ಫೀಮೇಲ್ ಮೆಡಿಸಿನ್ ಸ್ಟಾಫ್ ಮಾತಾಡ್ತಿದ್ದೇನೆ. 60 ವರ್ಷದವರು, ನ್ಯುಮೋನಿಯಾ, ನಿನ್ನೆ ಅಡ್ಮಿಟ್ ಆದವರು. ಸಂಜೆ ಉಸಿರು 20, ಸ್ಯಾಚುರೇಷನ್ 95 ಇತ್ತು. ಈಗ ಉಸಿರು 30, ಸ್ಯಾಚುರೇಷನ್ 88. ಕೂರಿಸಿ ಆಕ್ಸಿಜನ್ ಹಾಕಿದ್ದೇನೆ. ನೀವು ಈಗಲೇ ಬಂದು ನೋಡಬೇಕು." ಕೊನೆಯ ವಾಕ್ಯ ಬಿಡಬೇಡಿ. ಕೇಸ್ ಶೀಟ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ.

ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಇದ್ದವರು

ನಾನು ನರ್ಸ್ ಅಲ್ಲ, ಅಟೆಂಡರ್ ಕಡೆಯಿಂದ ಹೇಳಬಹುದು ಅಲ್ವಾ? ಅಮ್ಮನಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಗಿತ್ತು. ಮೊದಲು ಇದ್ದ ಕಡೆ ಬೆಡ್ ಸೋರ್ ಬಗ್ಗೆ ನಮಗೆ ಯಾರೂ ಏನೂ ಹೇಳಿರಲಿಲ್ಲ. ಎರಡನೇ ಕಡೆ ಒಬ್ಬ ಸಿಸ್ಟರ್ ಅಮ್ಮನನ್ನು ಮಗ್ಗುಲಿಗೆ ತಿರುಗಿಸಿ, ಸೊಂಟದ ಕೆಳಗೆ ಕೆಂಪಾಗಿದ್ದ ಜಾಗ ತೋರಿಸಿ, ನನ್ನ ಬೆರಳನ್ನೇ ಹಿಡಿದು ಅಲ್ಲಿ ಒತ್ತಿಸಿದರು. "ಬೆರಳು ತೆಗೆದಾಗ ಬೆಳ್ಳಗಾಗಿ ಆಮೇಲೆ ಕೆಂಪಾದರೆ ಇನ್ನೂ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಇದ್ದರೆ ಒಳಗೆ ಹುಣ್ಣು ಶುರುವಾಗಿದೆ ಅಂತ. ಕಂಡ ತಕ್ಷಣ ನನಗೆ ಹೇಳಿ" ಅಂದರು. ಅಷ್ಟು ಸಾಕಾಯಿತು, ಆವತ್ತಿಂದ ನಾನು ದಿನಾ ನೋಡುತ್ತಿದ್ದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಪೂರ್ತಿ ಅಡ್ಡ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸಬೇಕು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಬೇಕು, ಮೇಲಕ್ಕೆ ಸರಿಸುವಾಗ ಕಂಕುಳಲ್ಲಿ ಕೈ ಹಾಕಿ ಎಳೆಯಬಾರದು, ಇಬ್ಬರು ಬೆಡ್‌ಶೀಟ್ ಹಿಡಿದು ಎತ್ತಬೇಕು, ಇದೆಲ್ಲಾ ಅವರೇ ಕಲಿಸಿದ್ದು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಲು ಹೊರಟಿದ್ದ ನನ್ನ ದೊಡ್ಡಮ್ಮನನ್ನೂ ಅವರೇ ತಡೆದರು. ಊಟ ಕೊಡುವಾಗ ಬೆಡ್ಡಿನ ತಲೆ ಕಡೆ ಎತ್ತಿ ಕೂರಿಸಿ, ಗಟ್ಟಿ ಗಂಜಿಯನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ, ಒಂದು ತುತ್ತು ಪೂರ್ತಿ ನುಂಗಿದ ಮೇಲೆ ಇನ್ನೊಂದು. ಆದಮೇಲೆ ಅರ್ಧ ಗಂಟೆ ಮಲಗಿಸಬಾರದು.

ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. "ಎನ್‌ಪಿಓ" ಅಂತ ಬೋರ್ಡ್ ಹಾಕಿ ಹೋದರೆ ನಮಗೆ ಗೊತ್ತಾಗುವುದಿಲ್ಲ. ಪಕ್ಕದ ಬೆಡ್ಡಿನವರು "ಏನೂ ಕೊಡಬೇಡಿ ಅಂದಿದ್ದಾರೆ" ಅಂತ ತಿಂಡಿ ಕೊಡದೆ ಕಾಫಿ ಮಾತ್ರ ಕುಡಿಸಿದ್ದರು, ಕಾಫಿ ಲೆಕ್ಕಕ್ಕಿಲ್ಲ ಅಂದುಕೊಂಡು. "ನೀರು, ಕಾಫಿ, ಮಾತ್ರೆ, ಏನೂ ಬಾಯಿಗೆ ಹಾಕಬೇಡಿ, ಯಾಕೆಂದರೆ ಹೀಗೆ" ಅಂತ ಕನ್ನಡದಲ್ಲಿ ಹೇಳಿ, ಆಮೇಲೆ "ಏನು ಹೇಳಿದೆ ನೀವು ಹೇಳಿ ನೋಡೋಣ" ಅಂತ ಕೇಳಿ.

ಡಯಾಲಿಸಿಸ್ ಸ್ಟಾಫ್

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಕಿಡ್ನಿ ಪೇಷೆಂಟ್‌ಗೆ ಎಳನೀರು. ನಮ್ಮಲ್ಲಿ ಆಸ್ಪತ್ರೆಗೆ ನೋಡಲು ಬರುವವರು ಎಳನೀರು ತಂದೇ ತರುತ್ತಾರೆ. ಅದರಲ್ಲಿ ಪೊಟ್ಯಾಷಿಯಂ ತುಂಬಾ ಇರುತ್ತದೆ, ಕೆಟ್ಟ ಕಿಡ್ನಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ. ಒಳ್ಳೆಯದಕ್ಕೆ ಅಂತಲೇ ಕೊಟ್ಟಿರುತ್ತಾರೆ, ಹಾಗಾಗಿ ಬೈದರೆ ಪ್ರಯೋಜನ ಇಲ್ಲ, ಮುಚ್ಚಿಟ್ಟು ಕೊಡುತ್ತಾರೆ ಅಷ್ಟೇ. ಯಾಕೆ ಬೇಡ ಅಂತ ಕೂತು ಹೇಳಬೇಕು.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೆರಡು ಕೇಳುತ್ತೇನೆ. ಡಾಕ್ಟರ್ ಫೋನಲ್ಲೇ ಆರ್ಡರ್ ಕೊಟ್ಟರೆ ಏನು ಮಾಡಬೇಕು? ಮತ್ತೆ, ರಾತ್ರಿ ಯಾರಾದರೂ ಬಿದ್ದುಬಿಟ್ಟರೆ ಅಂತ ತುಂಬಾ ಭಯ.

ಮೆಡಿಸಿನ್ ವಾರ್ಡ್, ಸೀನಿಯರ್ ಸ್ಟಾಫ್

ಫೋನ್ ಆರ್ಡರ್ ಎಮರ್ಜೆನ್ಸಿಗೆ ಮಾತ್ರ. ಕೇಳಿದ್ದನ್ನು ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಡೋಸ್ ಒಂದೊಂದೇ ಅಂಕಿಯಾಗಿ ಹೇಳಿ. ಫಿಫ್ಟೀನ್, ಫಿಫ್ಟಿ ಫೋನಲ್ಲಿ ಒಂದೇ ಥರ ಕೇಳಿಸುತ್ತದೆ, "ಒನ್ ಫೈವ್" ಅನ್ನಿ. ಅವರು ಹೌದು ಅಂದ ಮೇಲೆ ಕೊಡಿ. ಟೈಮ್, ಡಾಕ್ಟರ್ ಹೆಸರು ಬರೆದಿಡಿ, ವಾರ್ಡಿಗೆ ಬಂದಾಗ ಸಹಿ ಹಾಕಿಸಿ. ಡೋಸ್ ಜಾಸ್ತಿ ಅನ್ನಿಸಿದರೆ "ಸರ್, ಇನ್ನೊಂದು ಸಲ ಕನ್ಫರ್ಮ್ ಮಾಡಿ" ಅನ್ನಲು ಸಂಕೋಚ ಬೇಡ. ಸಿಡುಕಿದರೂ ಕೇಳಿ.

ಬೀಳುವುದು ಬಹುತೇಕ ಬಾತ್‌ರೂಮಿಗೆ ಹೋಗುವಾಗಲೇ. ಅಟೆಂಡರ್ ಗಾಢ ನಿದ್ದೆಯಲ್ಲಿರುತ್ತಾರೆ, ಎಬ್ಬಿಸುವುದು ಬೇಡ ಅಂತ ಅಜ್ಜಿ ಒಬ್ಬರೇ ಎದ್ದು ಹೊರಡುತ್ತಾರೆ. ಅದಕ್ಕೆ ನಾನು ದೀಪ ಆರಿಸುವ ಮುಂಚೆ ಒಂದು ರೌಂಡ್, ಬೆಳಗಿನ ಜಾವ ಒಂದು ರೌಂಡ್ "ಬಾತ್‌ರೂಮಿಗೆ ಹೋಗಬೇಕಾ ಅಮ್ಮಾ?" ಅಂತ ನಾನೇ ಕೇಳುತ್ತೇನೆ. ಎದ್ದ ತಕ್ಷಣ ನಿಲ್ಲಿಸಬೇಡಿ, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತಿಲ್ಲ ಅಂದ ಮೇಲೆ ಎಬ್ಬಿಸಿ. ಬೆಡ್ಡಿನ ಚಕ್ರದ ಲಾಕ್ ನೋಡಿ. ಮೂತ್ರ ಜಾಸ್ತಿ ಬರಿಸುವ ಲ್ಯಾಸಿಕ್ಸ್‌ನ ಎರಡನೇ ಡೋಸ್ ರಾತ್ರಿ 8ಕ್ಕೆ ಅಂತಿದ್ದರೆ ಸಂಜೆ 4ಕ್ಕೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಬಿದ್ದೇ ಬಿಟ್ಟರೆ ಗಾಬರಿಯಲ್ಲಿ ಎಳೆದು ಎತ್ತಬೇಡಿ. ಎಚ್ಚರ ಇದೆಯಾ, ತಲೆಗೆ ಪೆಟ್ಟಾಗಿದೆಯಾ, ತೊಡೆ ಸಂದಿ ನೋವು ಅನ್ನುತ್ತಾರಾ ನೋಡಿ, ಡಾಕ್ಟರನ್ನು ಕರೆಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾ ಅನ್ನುವುದನ್ನು ಮರೆಯದೆ ಹೇಳಿ. ಆದದ್ದನ್ನು ಆದ ಹಾಗೇ ಬರೆಯಿರಿ.

ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್

ಪೇಷೆಂಟ್ ಸೇಫ್ಟಿ ಮಾತಲ್ಲಿ ನಿಮ್ಮ ಸೇಫ್ಟಿ ಯಾರೂ ಹೇಳಲಿಲ್ಲ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡಿ, ಅಲ್ಲಿಯೇ ಚುಚ್ಚುವುದು. ಬಿಳಿ ಶಾರ್ಪ್ಸ್ ಡಬ್ಬಿಯನ್ನು ಟ್ರಾಲಿ ಜೊತೆಗೇ ಒಯ್ಯಿರಿ. ಚುಚ್ಚಿದರೆ ಹಿಂಡಬೇಡಿ, ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ, ಬೆಳಗಾಗಲಿ ಅಂತ ಕಾಯದೆ ಆಗಲೇ ಕ್ಯಾಷುವಾಲ್ಟಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ ನೋಡಿಕೊಳ್ಳಿ, ಆಗಿಲ್ಲದಿದ್ದರೆ ನೈಟ್ ಶುರುವಾಗುವ ಮುಂಚೆ ಮೊದಲ ಡೋಸ್ ಹಾಕಿಸಿಕೊಳ್ಳಿ.

ಇನ್ನು ಮೊದಲ ರಾತ್ರಿ 15 ನಿಮಿಷ ಮುಂಚೆ ಹೋಗಿ. ಕಫ ಎಳೆಯುವ ಸಕ್ಷನ್ ಮೆಷಿನ್ ಆನ್ ಮಾಡಿ, ಸರಿಯಾಗಿ ಎಳೆಯುತ್ತದೆಯಾ ನೋಡಿ, ಎಮರ್ಜೆನ್ಸಿ ಟ್ರೇಯಲ್ಲಿ ಅಡ್ರಿನಲಿನ್ ಇದೆಯಾ, ಡೇಟ್ ಮುಗಿದಿಲ್ಲವಾ ನೋಡಿ, ಸಿಲಿಂಡರಲ್ಲಿ ಎಷ್ಟು ಆಕ್ಸಿಜನ್ ಇದೆ ನೋಡಿ. ಸಿಲಿಂಡರ್ ತೆರೆಯುವ ಕೀ ಯಾವಾಗಲೂ ಇನ್ನೊಂದು ವಾರ್ಡಿಗೆ ಹೋಗಿರುತ್ತದೆ. ಅದನ್ನು ತರಿಸಿ, ಗಾಜ್ ಪಟ್ಟಿಯಲ್ಲಿ ಸಿಲಿಂಡರ್‌ಗೇ ಕಟ್ಟಿಬಿಡಿ.