ಇಂಗ್ಲೆಂಡಿನ ಮೇಯರ್ ಅಂದ್ರೆ ಎಂತ ಅಧಿಕಾರ ಮಾರಾಯ್ರೆ?

ಕುಂಬಳೆ ಪೇಟೆ:
ನಮ್ಮ ನೆರೆಮನೆಯ ಅಕ್ಕ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಇಪ್ಪತ್ತು ವರ್ಷ ಆಯಿತು. ಹೊಸದಾಗಿ ಬಂದವರಿಗೆ ಅರ್ಜಿ ತುಂಬಿಸಿಕೊಡುವುದು, ಬಾಡಿಗೆ ತಕರಾರು ಬಿಡಿಸುವುದು, ಬಸ್ ಓಡಾಟ ರದ್ದು ಮಾಡಬೇಡಿ ಅಂತ ಸಹಿ ಸಂಗ್ರಹ, ಹೀಗೆ ಓಡಾಡಿ ಓಡಾಡಿ ಕೌನ್ಸಿಲರ್ ಆದರು. ಬರುವ ಮೇ ತಿಂಗಳಲ್ಲಿ ಮೇಯರ್ ಅಂತೆ! ಇಲ್ಲಿ ಫ್ಲೆಕ್ಸಿಗೆ ತಯಾರಿ ನಡೆದಿದೆ. ಮಗನ ವೀಸಾ ಮಾಡಿಸಿಕೊಡಿ ಅಂತ ಒಬ್ಬರು ಅಕ್ಕನ ಅಮ್ಮನ ಹತ್ತಿರ ಹೋಗಿ ಬಂದೂ ಆಯಿತು. ಅಮ್ಮ ಮಾತ್ರ "ಅವಳಿಗೆ ಸುಮ್ನೆ ಒಂದು ಸರ ಹಾಕ್ತಾರಂತೆ, ಅಷ್ಟೇ" ಅಂತಾರೆ. ನಿಜಕ್ಕೂ ಅಷ್ಟೇನಾ?

ಥೇಮ್ಸ್ ದಂಡೆ:
ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ, ಆ ಸರ ಮೇಯರ್ ಪದವಿಯ ಗುರುತು. ಲಂಡನ್ನಿನ ಮೇಯರನ್ನು 2000ದಿಂದ ಜನರೇ ಆರಿಸುತ್ತಾರೆ, ಅವರ ಕೈಯಲ್ಲಿ ಬಜೆಟ್ ಇದೆ. ಆದರೆ ಹೆಚ್ಚಿನ ಊರುಗಳಲ್ಲಿ ಕೌನ್ಸಿಲರುಗಳು ತಮ್ಮೊಳಗೇ ಒಬ್ಬರನ್ನು ಒಂದು ವರ್ಷಕ್ಕೆ ಕೂರಿಸುತ್ತಾರೆ. ಸಭೆ ನಡೆಸಬೇಕು, ಓಟು ಸಮ ಬಿದ್ದರೆ ಕೊನೆಯ ಓಟು ಇವರದ್ದು. ಉಳಿದಂತೆ ಶಾಲೆ, ಚರ್ಚು, ದೇವಸ್ಥಾನ, ನೂರು ತುಂಬಿದ ಅಜ್ಜಿಯ ಮನೆ ಅಂತ ಸುತ್ತಾಟ, ಯಾವುದಾದರೂ ಸೇವಾ ಸಂಸ್ಥೆಗೆ ಹಣ ಕೂಡಿಸುವುದು. ಆಡಳಿತ ಕೌನ್ಸಿಲ್ ಲೀಡರ್ ಕೈಯಲ್ಲಿ. ವೀಸಾ ಹೋಮ್ ಆಫೀಸಿನದ್ದು, ಅಂದ್ರೆ ಅಲ್ಲಿಯ ಕೇಂದ್ರ ಸರ್ಕಾರದ ಗೃಹ ಇಲಾಖೆಯದ್ದು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕಲಬುರಗಿಯ ನೀರಜ್ ಪಾಟೀಲರು 2010ರಲ್ಲಿ ಲಂಡನ್ನಿನ ಒಂದು ಭಾಗವಾದ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಅಲ್ಲಿಯ ಬಸವಣ್ಣನ ಪ್ರತಿಮೆಗೆ ಓಡಾಡಿದ್ದು ಅವರೇ. ಮೋದಿ ಬಂದು ಅನಾವರಣ ಮಾಡಿದ್ದು 2015ರ ನವೆಂಬರಿನಲ್ಲಿ. ಅಂದ್ರೆ ಸರ ತೆಗೆದಿಟ್ಟು ಎಷ್ಟೋ ವರ್ಷ ಆದ ಮೇಲೆ, ಅಲ್ವಾ?

ಅಡಕೆ ತೋಟ:
ನನಗೇನೋ ಇದು ಹೋರಾಟಗಾರರ ಬಾಯಿ ಮುಚ್ಚಿಸುವ ಉಪಾಯದ ಹಾಗೆ ಕಾಣುತ್ತದೆ. ಮೇಯರ್ ಆದವರು ಆ ವರ್ಷ ಪಕ್ಷದ ಜಗಳದಿಂದ ದೂರ ಇರಬೇಕು ಅಂತ ಅಲ್ಲಿ ರೂಢಿ. ನಮ್ಮ ಕಾಸರಗೋಡಿನ ಕಡೆ 1957ರಲ್ಲಿ ಮಂಜೇಶ್ವರದಿಂದ ಕನ್ನಡದ ಪರ ನಿಂತ ಉಮೇಶ ರಾಯರನ್ನು ಅವಿರೋಧವಾಗಿ ಕಳಿಸಿದ್ದು ಕೇರಳದ ವಿಧಾನಸಭೆಗೆ, ಮಾತಾಡುವ ಜಾಗಕ್ಕೆ. ಸರ ಹಾಕಿಕೊಂಡು ರಿಬ್ಬನ್ ಕತ್ತರಿಸಲು ಅಲ್ಲ. ಕನ್ನಡದಲ್ಲಿ ಅರ್ಜಿ ಫಾರಂ ಕೊಡಿ ಅಂತ ನಾವು ಈಗಲೂ ಮನವಿ ಹಿಡಿದು ಅಲೆಯುತ್ತಿದ್ದೇವೆ. ಅಂಥವರನ್ನು ಒಂದು ವರ್ಷ ಸುಮ್ಮನೆ ಕೂರಿಸಿದರೆ ಯಾರಿಗೆ ಲಾಭ?

ಥೇಮ್ಸ್ ದಂಡೆ:
ಒಂದು ವರ್ಷ ತಾನೇ ಅಣ್ಣ. ಕೌನ್ಸಿಲರ್ ಸೀಟು ಎಲ್ಲಿಗೂ ಹೋಗುವುದಿಲ್ಲ.

ಕುಂಬಳೆ ಪೇಟೆ:
ಅಕ್ಕನಿಗೇ ವಾಟ್ಸಾಪ್ ಮಾಡಿದೆ. "ಈ ವರ್ಷ ಸಹಿ ಸಂಗ್ರಹ ಇಲ್ಲ ಮಾರಾಯ, ಆದರೆ ಇಷ್ಟು ದಿನ ನನ್ನ ಫೋನ್ ಎತ್ತದವರೆಲ್ಲ ಈಗ ಅವರೇ ಕರೆ ಮಾಡ್ತಾರೆ, ಅವರ ನಂಬರೆಲ್ಲ ಬರೆದಿಟ್ಟುಕೊಳ್ತಾ ಇದ್ದೇನೆ" ಅಂದರು. ಫ್ಲೆಕ್ಸ್ ಬೇಡವಂತೆ. ಹುಡುಗರು ಅಡ್ವಾನ್ಸ್ ಕೊಟ್ಟಾಗಿದೆ ಅಂತಾರೆ.