ರಾಕ್ ಯಾವುದು, ಹೆವಿ ಮೆಟಲ್ ಯಾವುದು: ಕಿವಿಯಲ್ಲೇ ಗುರುತಿಸೋದು ಹೇಗೆ?

ತಂತಿಮೀಟು:

ಹಾಡುಗಳ ಸಂಗ್ರಹಕ್ಕೆ ಟ್ಯಾಗ್ ಹಾಕ್ತಾ ಇದ್ದೀನಿ. ಎಸಿ/ಡಿಸಿ, ಜೂಡಾಸ್ ಪ್ರೀಸ್ಟ್, ಡೀಪ್ ಪರ್ಪಲ್, ಮೆಟಾಲಿಕಾ, ರಮೋನ್ಸ್ ಎಲ್ಲದರಲ್ಲೂ ಡಿಸ್ಟಾರ್ಶನ್ (ಒಡೆದು ಗರಗರ ಅನ್ನೋ ಸದ್ದಿನ) ಗಿಟಾರ್, ಎಲ್ಲದರಲ್ಲೂ ಜೋರು ಡ್ರಮ್ಸ್. ಒಂದು ಆ್ಯಪ್ ರಾಕ್ ಅಂದ ಹಾಡನ್ನ ಇನ್ನೊಂದು ಮೆಟಲ್ ಅನ್ನುತ್ತೆ. "ಜೋರಾಗಿದ್ರೆ ಮೆಟಲ್" ಅನ್ನೋ ಉತ್ತರ ದಯವಿಟ್ಟು ಬೇಡ. ಕೇಳಿದ ತಕ್ಷಣ ಹಿಡಿಯೋಕಾಗೋ ಗುರುತುಗಳು ಯಾವುವು? ನಮ್ಮ ಬ್ಯಾಂಡ್‌ನಲ್ಲಿ ಎರಡೂ ನುಡಿಸಬೇಕು, ಇರೋದು ಒಂದೇ ಆ್ಯಂಪ್. ಹಾಗಾಗಿ ನುಡಿಸೋರ ಕಡೆಯಿಂದ ವಿವರಿಸಿದ್ರೂ ಸಂತೋಷ.

ಆರನೇತಂತಿ:

ಮೊದಲು ಡಿಸ್ಟಾರ್ಶನ್ನನ್ನು ಪಕ್ಕಕ್ಕಿಡಿ. ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರಲ್ಲೇ ಸ್ಪೀಕರಿನ ಕೋನ್ ಸೀಳಿ ಆ ಸದ್ದು ಹೊರಡಿಸಿದ್ದರು. ಆಗ ಮೆಟಲ್ ಹುಟ್ಟಿರಲೇ ಇಲ್ಲ. ಗಮನಿಸಬೇಕಾದದ್ದು ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಸಣ್ಣ ಸಾಲು) ಏನು ಕೆಲಸ ಮಾಡುತ್ತಿದೆ ಅನ್ನೋದನ್ನ.

ರಾಕ್ ಹಾಡು ಸಾಮಾನ್ಯವಾಗಿ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ, ಅದರ ಮೇಲೆ ಹಾಡುವ ರಾಗದ ಮೇಲೆ ನಿಂತಿರುತ್ತೆ. ಅಕೂಸ್ಟಿಕ್ ಗಿಟಾರಿನಲ್ಲಿ ಓಪನ್ ಕಾರ್ಡ್ ಹಿಡಿದು ಸ್ಟ್ರಮ್ ಮಾಡುತ್ತಾ ಹಾಡಿದರೂ ಹಾಡು ಹಾಡಾಗೇ ಉಳಿಯುತ್ತೆ. ಮೆಟಲ್‌ನಲ್ಲಿ ರಿಫ್ಫೇ ಹಾಡು. ಅದನ್ನ ತೆಗೆದು ಕಾರ್ಡ್ ಬಡಿದರೆ ಯಾವ ಹಾಡು ಅಂತಲೇ ಗೊತ್ತಾಗಲ್ಲ. ಅನುಮಾನ ಬಂದ ಹಾಡಿಗೆ ನಾನು ಮೊದಲು ಹಾಕೋದು ಇದೇ ಪರೀಕ್ಷೆ.

ಆಮೇಲೆ ಬಲಗೈ. ಅಂಗೈಯ ಅಂಚನ್ನು ಬ್ರಿಡ್ಜಿನ ಸ್ಯಾಡಲ್‌ಗಳ ಮೇಲೆ, ತಂತಿ ಹೊರಡುವ ಜಾಗದಲ್ಲೇ ಇಟ್ಟು ಹೊಡೆದಾಗ ಬರುವ "ಜಗ್ ಜಗ್" ಇದೆಯಲ್ಲ, ಅದು ಪಾಮ್ ಮ್ಯೂಟ್. ಅರ್ಧ ಇಂಚು ಪಿಕಪ್ ಕಡೆಗೆ ಸರಿದರೆ ಸ್ವರವೇ ಸತ್ತುಹೋಗುತ್ತೆ. ಹಿಂದಕ್ಕೆ ಸರಿದರೆ ತಂತಿ ಬಿಡಿಯಾಗಿ ಮೊಳಗುತ್ತೆ. ರಾಕ್‌ನಲ್ಲಿ ಇದು ಅಲ್ಲೊಮ್ಮೆ ಇಲ್ಲೊಮ್ಮೆ ಬರುವ ಅಲಂಕಾರ. ಥ್ರ್ಯಾಶ್ ಮೆಟಲ್ ಅನ್ನೋ ವೇಗದ ಮೆಟಲ್‌ನಲ್ಲಿ ಇದೇ ಬೆನ್ನೆಲುಬು. ಮೆಟಾಲಿಕಾದ 1986ರ "ಮಾಸ್ಟರ್ ಆಫ್ ಪಪೆಟ್ಸ್" ಸುಮಾರು 212 ಬಿಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಎಣಿಕೆ) ಹೋಗುತ್ತೆ, ಮುಖ್ಯ ರಿಫ್ ಬಹುಪಾಲು ಕೆಳಮುಖ ಹೊಡೆತ. ಅಂದರೆ ಎಣಿಕೆಗೆ ಎರಡರಂತೆ ಸೆಕೆಂಡಿಗೆ 7 ಸಲ ಮಣಿಕಟ್ಟು ಕೆಳಗಿಳಿಯಬೇಕು. ಮೇಲೆ ಕೆಳಗೆ ಬದಲಿಸಿ ಹೊಡೆದರೆ ವೇಗ ಸುಲಭವಾಗಿ ಸಿಗುತ್ತೆ, ಆದರೆ ಪ್ರತಿ ಎರಡನೇ ಹೊಡೆತ ತೆಳುವಾಗಿ ರಿಫ್‌ನ ತೂಕ ಹೋಗುತ್ತೆ.

ಮೂರನೆಯದು ಸ್ವರಗಳು. ಹಾರ್ಡ್ ರಾಕ್ ಬ್ಲೂಸ್ ಮನೆತನದ್ದು: ಮೈನರ್ ಪೆಂಟಾಟಾನಿಕ್, ತಂತಿ ಎಳೆದು ಸ್ವರ ಬಾಗಿಸುವುದು, ಮೇಜರ್ ಗಾಂಧಾರಕ್ಕೂ ಮೈನರ್ ಗಾಂಧಾರಕ್ಕೂ ನಡುವೆ ತೂಗಾಡುವುದು. ಮೆಟಲ್ ಆ ಬ್ಲೂಸನ್ನ ಕಳಚಿ ಹಾಕಿತು. ಅದರಲ್ಲಿ ಜೂಡಾಸ್ ಪ್ರೀಸ್ಟ್ ಪಾತ್ರ ದೊಡ್ಡದು. ಬದಲಿಗೆ ಬಂದದ್ದು ಇ ಇಂದ ಎಫ್‌ಗೆ ಅರ್ಧಸ್ವರದ ಹೆಜ್ಜೆ, ಅಂದರೆ ಫ್ರಿಜಿಯನ್ (ಕರ್ನಾಟಕ ಸಂಗೀತ ಕೇಳುವವರಿಗೆ ತೋಡಿಯ ಸ್ವರಗಳು), ಹಾರ್ಮೋನಿಕ್ ಮೈನರ್ (ಕೀರವಾಣಿ), ಮತ್ತೆ ಟ್ರೈಟೋನ್ (ಮೂರು ಪೂರ್ಣಸ್ವರದ ಅಂತರ). ಬ್ಲ್ಯಾಕ್ ಸಬ್ಬತ್ 1970ರಲ್ಲಿ ತಂದ ಮೊದಲ ಆಲ್ಬಮ್‌ನ ಮೊದಲ ಹಾಡೇ ತೆಗೆದುಕೊಳ್ಳಿ. ಜಿ, ಅದರ ಮೇಲಿನ ಜಿ, ಆಮೇಲೆ ಸಿ ಶಾರ್ಪ್. ಮೂರೇ ಸ್ವರ, ಅಷ್ಟರಲ್ಲೇ ಹೊಟ್ಟೆಯಲ್ಲಿ ಏನೋ ಕದಡಿದ ಹಾಗಾಗುತ್ತೆ.

ಪವರ್‌ಕಾರ್ಡ್_ಪುರಾಣ:

ಆರನೇತಂತಿಯವರು ಹೇಳಿದ್ದಕ್ಕೆ ಒಂದು ಕಾರಣ ಸೇರಿಸುತ್ತೇನೆ. ಮೆಟಲ್ ರಿಫ್‌ಗಳಲ್ಲಿ ಬಹುತೇಕ ಷಡ್ಜ-ಪಂಚಮ ಮಾತ್ರ ಇರುತ್ತದೆ, ಗಾಂಧಾರ ಇರುವುದಿಲ್ಲ. ಗೇನ್ (ಡಿಸ್ಟಾರ್ಶನ್ ಎಷ್ಟು ಎಂಬುದರ ಗುಬ್ಬಿ) ಏರಿಸಿ ಪೂರ್ತಿ ಮೇಜರ್ ಕಾರ್ಡ್ ಬಾರಿಸಿದರೆ ಕಲಸುಮೇಲೋಗರವಾಗುವುದೇ ಇದಕ್ಕೆ ಕಾರಣ. ಕೆಳಗಿನ ಇ 82.4 ಹರ್ಟ್ಸ್, ಅದರ ಪಂಚಮ ಬಿ 123.5. ಡಿಸ್ಟಾರ್ಶನ್ ಇವೆರಡರ ವ್ಯತ್ಯಾಸವಾದ 41 ಹರ್ಟ್ಸನ್ನೂ ಹುಟ್ಟಿಸುತ್ತದೆ. ಅದೂ ಇ ಸ್ವರವೇ, ಒಂದು ಸ್ಥಾಯಿ ಕೆಳಗೆ. ಹಾಗಾಗಿ ಎರಡು ಸ್ವರದ ಕಾರ್ಡ್ ದಪ್ಪವಾಗಿ ಕೇಳುತ್ತದೆ. ಈಗ ಜಿ ಶಾರ್ಪ್ ಸೇರಿಸಿ, 103.8 ಹರ್ಟ್ಸ್. ಇ ಸ್ವರದ ಐದನೇ ಹಾರ್ಮೋನಿಕ್ (ಮೂಲ ಕಂಪನದ ಐದು ಪಟ್ಟು) 412, ಜಿ ಶಾರ್ಪ್‌ನ ನಾಲ್ಕನೆಯದು 415. ಇವೆರಡೂ ಸೆಕೆಂಡಿಗೆ ಮೂರು ಸಲ ತಾಕಲಾಡುತ್ತವೆ. ಕ್ಲೀನ್ ಸದ್ದಿನಲ್ಲಿ ಇದು ಕಿವಿಗೆ ಬೀಳುವುದಿಲ್ಲ. ಗೇನ್ ಹೆಚ್ಚಿದಷ್ಟೂ ಮೇಲಿನ ಹಾರ್ಮೋನಿಕ್‌ಗಳು ಉಬ್ಬಿ ಎದ್ದು ಕಾಣುತ್ತದೆ.

ಇದನ್ನೇ ತಿರುಗಿಸಿ ಗುರುತಾಗಿ ಬಳಸಬಹುದು. ಎಸಿ/ಡಿಸಿಯ ಮಾಲ್ಕಮ್ ಯಂಗ್ ಅವರ ಗಿಟಾರಿನಲ್ಲಿ ಗೇನ್ ಜನ ಅಂದುಕೊಳ್ಳುವುದಕ್ಕಿಂತ ತುಂಬಾ ಕಡಿಮೆ. ಅದಕ್ಕೇ ಓಪನ್ ಕಾರ್ಡಿನ ಒಂದೊಂದು ತಂತಿಯೂ ಬಿಡಿಸಿ ಕೇಳುತ್ತದೆ. ಕಾರ್ಡಿನೊಳಗೆ ಮೇಜರ್, ಮೈನರ್ ತಿಳಿಯುವಷ್ಟು ಗಾಳಿ ಆಡುತ್ತಿದ್ದರೆ ರಾಕ್ ಕಡೆ ವಾಲಿ.

ಡ್ರಮ್‌ಕಡ್ಡಿ:

ಎಲ್ಲರೂ ಗಿಟಾರ್ ಹಿಂದೆಯೇ ಬಿದ್ದಿದ್ದೀರಿ. ಡ್ರಮ್ಸ್ ಕೇಳಿದ್ರೆ ಅರ್ಧ ನಿಮಿಷದಲ್ಲಿ ತೀರ್ಮಾನ ಆಗುತ್ತೆ.

ರಾಕ್‌ನಲ್ಲಿ 2 ಮತ್ತು 4ನೇ ಎಣಿಕೆಯ ಸ್ನೇರ್ (ಚಟ್ ಅನ್ನೋ ಸಣ್ಣ ಡ್ರಮ್) ಯಜಮಾನ. ಅದು ಕೂದಲೆಳೆಯಷ್ಟು ಹಿಂದೆ ಬೀಳುತ್ತೆ, ಸೊಂಟ ತಾನಾಗೇ ಆಡುತ್ತೆ. ಮೆಟಲ್‌ನಲ್ಲಿ ಡ್ರಮ್ಮರ್ ರಿಫ್‌ನ ಹೊಡೆತಗಳನ್ನೇ ಕಿಕ್‌ನಲ್ಲಿ (ಕಾಲಿಂದ ಹೊಡೆಯೋ ದೊಡ್ಡ ಡ್ರಮ್) ನಕಲು ಮಾಡ್ತಾನೆ. ಗಿಟಾರ್ "ಜಗ್-ಜಗಜಗ್" ಅಂದ್ರೆ ಕಾಲೂ ಅದನ್ನೇ ಅನ್ನುತ್ತೆ. ಬಾಸ್ ಗಿಟಾರ್ ಕೂಡ ಬಹಳ ಸಲ ಅದೇ ಸಾಲಿಗೆ ಅಂಟಿಕೊಂಡಿರುತ್ತೆ, ರಾಕ್‌ನಲ್ಲಾದ್ರೆ ಅದು ತನ್ನ ಪಾಡಿಗೆ ಓಡಾಡುತ್ತೆ. (ಐರನ್ ಮೇಡನ್‌ನ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಈ ಮಾತಿಗೆ ಸಿಗಲ್ಲ, ಬಿಡಿ.) ಡಬಲ್ ಕಿಕ್ ನಿರಂತರವಾಗಿ ಓಡುತ್ತಿದ್ರೆ ಅನುಮಾನವೇ ಬೇಡ. ಪ್ರೀಸ್ಟ್‌ನ 1990ರ "ಪೇನ್‌ಕಿಲ್ಲರ್" ಶುರುವಾಗೋದೇ ಹಾಗೆ.

ಕಿಕ್‌ನ ಸದ್ದನ್ನೂ ಕೇಳಿ. ರಾಕ್ ಕಿಕ್ "ಧಂ" ಅನ್ನುತ್ತೆ, ಮೆಟಲ್ ಕಿಕ್ "ಟಕ್" ಅನ್ನುತ್ತೆ. ಇದು ಬರೀ ರುಚಿಯ ವಿಷಯ ಅಲ್ಲ. 200 ಬಿಪಿಎಂನಲ್ಲಿ ಎಣಿಕೆಗೆ 4 ಹೊಡೆತ ಅಂದ್ರೆ ಎರಡು ಹೊಡೆತದ ನಡುವೆ 75 ಮಿಲಿಸೆಕೆಂಡ್. 60 ಹರ್ಟ್ಸ್‌ನ ಒಂದು ಅಲೆಗೇ ಹತ್ತಿರತ್ತಿರ 17 ಮಿಲಿಸೆಕೆಂಡ್ ಬೇಕು. ಒಂದು "ಧಂ" ಮುಗಿಯೋಕೆ ಮುಂಚೆ ಇನ್ನೊಂದು ಬಂದು ಎಲ್ಲ ಸೇರಿ ಗೊರಗೊರ ಆಗುತ್ತೆ. ಅದಕ್ಕೇ ಕೆಳಗಿನದನ್ನ ಕತ್ತರಿಸಿ, 3ರಿಂದ 5 ಕಿಲೋಹರ್ಟ್ಸ್ ಆಸುಪಾಸಿನ ಬೀಟರ್ ಸದ್ದನ್ನ ಎತ್ತುತ್ತಾರೆ.

ಎಡಗೈಶ್ರೋತೃ:

ನೀವೆಲ್ಲ ಹೇಳುತ್ತಿರುವುದು 1980ರ ನಂತರದ ಮೆಟಲ್‌ಗೆ ಸರಿ. ಆದರೆ ಸಬ್ಬತ್? ಮೊದಲ ಆಲ್ಬಮ್ ತುಂಬಾ ಬ್ಲೂಸ್ ಇದೆ, ಬಿಲ್ ವಾರ್ಡ್ ಅವರ ಡ್ರಮ್ಮಿಂಗ್‌ನಲ್ಲಿ ಜಾಝ್‌ನ ಸ್ವಿಂಗ್ ಎದ್ದು ಕೇಳುತ್ತದೆ. ನಿಮ್ಮ ಪಟ್ಟಿ ಹಿಡಿದರೆ ಮೆಟಲ್ ಹುಟ್ಟುಹಾಕಿದವರೇ ಮೆಟಲ್ ಅಲ್ಲ ಎಂದಾಗುತ್ತದೆ. ಅವರನ್ನು ಮೆಟಲ್ ಮಾಡಿದ್ದು ರಿಫ್‌ನ ಭಾರ ಮತ್ತು ಕತ್ತಲು. ಅವರ ಗಿಟಾರ್ ವಾದಕ ಟೋನಿ ಐಯೋಮಿ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡವರು, ಎಡಗೈಯಲ್ಲಿ ಮೀಟುವವರು. ತಂತಿ ಒತ್ತಲು ನೋವಾಗದಿರಲಿ ಎಂದು ತೆಳು ತಂತಿ ಹಾಕಿದರು, 1971ರ ಮೂರನೇ ಆಲ್ಬಮ್‌ನ ಕೆಲವು ಹಾಡುಗಳಿಗೆ ಶ್ರುತಿಯನ್ನು ಒಂದೂವರೆ ಸ್ವರ, ಅಂದರೆ ಸಿ ಶಾರ್ಪ್‌ವರೆಗೆ ಇಳಿಸಿದರು. ಇಡೀ ಪ್ರಕಾರವೇ ಆಮೇಲೆ ಆ ಇಳಿಜಾರಿನಲ್ಲಿ ಜಾರಿತು.

ಇನ್ನು ರಮೋನ್ಸ್: ಕೆಳಮುಖ ಹೊಡೆತ ಇದೆ, ವೇಗ ಇದೆ, ಡಿಸ್ಟಾರ್ಶನ್ ಇದೆ, ಆದರೂ ಮೆಟಲ್ ಅಲ್ಲ. ಜಾನಿ ರಮೋನ್ ನುಡಿಸುವುದು ಪೂರ್ತಿ ಬಾರೆ ಕಾರ್ಡ್, ಹೆಚ್ಚಾಗಿ ಮೇಜರ್. ಸೋಲೋ ಅಂತೂ ಇಲ್ಲವೇ ಇಲ್ಲ ಎನ್ನಬಹುದು. ಜೋಡಿ ಗಿಟಾರಿನ ಹಾರ್ಮನಿ ಕೇಳಿದ ಕೂಡಲೇ ಮೆಟಲ್ ಎನ್ನುವವರಿಗೆ ಥಿನ್ ಲಿಝಿ ಎಂಬ ರಾಕ್ ತಂಡವನ್ನು ಕೇಳಿಸಿ. ಉಡುಪು, ಕೂದಲು, ಆಲ್ಬಮ್ ಹೊದಿಕೆಯ ತಲೆಬುರುಡೆ ಇವ್ಯಾವುದನ್ನೂ ಸಾಕ್ಷಿಗೆ ಕರೆಯಬೇಡಿ.

ಗೊಂದಲ ನಿಮ್ಮೊಬ್ಬರದೇ ಅಲ್ಲ. 1989ರಲ್ಲಿ ಗ್ರ್ಯಾಮಿಯವರು ಹಾರ್ಡ್ ರಾಕ್ ಮತ್ತು ಮೆಟಲ್ ಎರಡಕ್ಕೂ ಸೇರಿಸಿ ಒಂದೇ ಪ್ರಶಸ್ತಿ ಇಟ್ಟರು. ಕಣದಲ್ಲಿ ಮೆಟಾಲಿಕಾ ಇತ್ತು. ಗೆದ್ದದ್ದು ಕೊಳಲು ನುಡಿಸುವ ಇಯಾನ್ ಆಂಡರ್ಸನ್ ಅವರ ಜೆತ್ರೊ ಟಲ್. ಮರುವರ್ಷವೇ ಎರಡನ್ನೂ ಬೇರೆ ಮಾಡಿದರು.

ತಂತಿಮೀಟು:

ಅಬ್ಬಾ, ಧನ್ಯವಾದ. ಈಗ ಆ್ಯಂಪ್ ವಿಷಯ. ರಾಕ್ ಹಾಡಿಗೆ ಚೆನ್ನಾಗೇ ಬರುತ್ತೆ. ಮೆಟಲ್‌ಗೆ ಅಂತ ಗೇನ್ 9, ಬಾಸ್ 8, ಮಿಡ್ 2 ಇಟ್ಟು ಡ್ರಾಪ್ ಡಿ (ದಪ್ಪ ತಂತಿಯ ಶ್ರುತಿ ಡಿವರೆಗೆ ಇಳಿಸೋದು), ಒಮ್ಮೊಮ್ಮೆ ಡ್ರಾಪ್ ಸಿ (ಇನ್ನೂ ಕೆಳಗೆ, ಸಿವರೆಗೆ) ಮಾಡ್ತೀನಿ, ತಂತಿ 9-42 (ತೆಳು ತಂತಿಯಿಂದ ದಪ್ಪ ತಂತಿವರೆಗಿನ ಅಳತೆ, ಇಂಚಿನ ಸಾವಿರದ ಭಾಗದಲ್ಲಿ). ಒಬ್ಬನೇ ನುಡಿಸಿದಾಗ ಭರ್ಜರಿ. ಬ್ಯಾಂಡ್ ಜೊತೆ ಕೇಳೋದೇ ಇಲ್ಲ, ಪಾಮ್ ಮ್ಯೂಟ್ ಗೊಜ್ಜು.

ಆರನೇತಂತಿ:

ಕೊಟ್ಟ ನಾಲ್ಕೂ ಅಂಕಿ ತಪ್ಪು ಮಾರಾಯ್ರೆ, ಒಂದೊಂದಾಗಿ ನೋಡೋಣ.

ಮಿಡ್ 2: ಬ್ಯಾಂಡ್‌ನಲ್ಲಿ ಕೆಳಗಿನ ಜಾಗ ಬಾಸ್ ಗಿಟಾರ್, ಕಿಕ್‌ಗೆ, ಮೇಲಿನದು ಸಿಂಬಲ್‌ಗೆ. ಗಿಟಾರ್ ಬದುಕೋದು ಮಧ್ಯದಲ್ಲಿ. ಅದನ್ನೇ ತೆಗೆದರೆ ಮಾಯವಾಗದೆ ಇನ್ನೇನು? 5ಕ್ಕೆ ತನ್ನಿ. ಬಾಸ್ 4. ಕೋಣೆಯಲ್ಲಿ ಒಬ್ಬರೇ ಇದ್ದಾಗ ಸಪ್ಪೆ ಅನಿಸುತ್ತೆ, ಅನಿಸಲಿ.

ಗೇನ್ 9: ಅಷ್ಟು ಕೊಟ್ಟರೆ ಸದ್ದು ಒತ್ತಿಕೊಂಡು ಹೊಡೆತದ ಮೊನೆಯೇ ಉಳಿಯಲ್ಲ. ಮ್ಯೂಟ್‌ನ "ಜಗ್" ಬರೋದು ಆ ಮೊನೆಯಿಂದ. 6ಕ್ಕೆ ಇಳಿಸಿ, ಆ್ಯಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಇಡಿ: ಡ್ರೈವ್ 0, ಲೆವೆಲ್ 8ಕ್ಕೆ ಮೇಲೆ, ಟೋನ್ 5. ಆ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ನ ಕೆಳಗಿನದಕ್ಕೆ ಕಡಿಮೆ ಗೇನ್ ಕೊಡುತ್ತೆ. ಮಂದ್ರದ ಕೆಸರು ಆ್ಯಂಪ್‌ನೊಳಗೆ ಹೋಗೋಕೆ ಮುಂಚೆಯೇ ಸೋಸಿಹೋಗುತ್ತೆ. ಪೆಡಲ್ ಆಫ್ ಮಾಡಿ, ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿದರೆ ಅದೇ ಸೆಟ್ಟಿಂಗ್ ಹಾರ್ಡ್ ರಾಕ್‌ಗೂ ಆಗುತ್ತೆ. ನಾಯ್ಸ್ ಗೇಟ್ ಇದ್ದರೆ ಈ ಪೆಡಲ್ ಆದ ಮೇಲೆ, ಆ್ಯಂಪ್‌ನ ಇನ್‌ಪುಟ್‌ಗೆ ಮುಂಚೆ. ಥ್ರೆಶೋಲ್ಡ್ ಸುಮ್ಮನೆ ನಿಂತಾಗ ಗುಂಯ್ ನಿಲ್ಲುವಷ್ಟೇ. ಜಾಸ್ತಿಯಾದರೆ ಉದ್ದ ಸ್ವರಗಳ ಬಾಲ ಕತ್ತರಿಸುತ್ತೆ.

ತಂತಿ 9-42: ಡ್ರಾಪ್ ಸಿಗೆ ಇದು ಹಗ್ಗದ ಹಾಗೆ ಜೋಲುತ್ತೆ. ಜೋರಾಗಿ ಹೊಡೆದ ಕ್ಷಣ ಸ್ವರ ಮೇಲೇರಿ ಆಮೇಲೆ ಇಳಿಯುತ್ತೆ, ಎರಡು ಗಿಟಾರ್ ಇದ್ದರೆ ಅಪಶ್ರುತಿ ಗ್ಯಾರಂಟಿ. ಐಯೋಮಿಗೆ ಸಡಿಲ ತಂತಿಯೇ ಬೇಕಿತ್ತು, ನಿಧಾನದ ರಿಫ್‌ಗೆ ಅದು ನಡೆಯುತ್ತೆ. ವೇಗದ ಮ್ಯೂಟ್‌ಗೆ ನಡೆಯಲ್ಲ. ಡ್ರಾಪ್ ಡಿಗೆ 10-52, ಡ್ರಾಪ್ ಸಿಗೆ 11-56 ಅಥವಾ 12-60. ದಪ್ಪ ತಂತಿ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸಂದಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಟ್ಯೂನ್ ಮಾಡುವಾಗ "ಟಿಂಗ್" ಅಂತ ಜಿಗಿದರೆ ಸಂದಿ ಇಕ್ಕಟ್ಟು ಅಂತ. ನೆಕ್ ಮುಂದಕ್ಕೆ ಬಾಗಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಕೊನೆಗೆ 12ನೇ ಫ್ರೆಟ್ ಒತ್ತಿ ನೋಡಿ: ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಒಂದೇ ಗಿಟಾರಿನಲ್ಲಿ ಹಾಡಿಗೊಮ್ಮೆ ಡ್ರಾಪ್ ಡಿ, ಡ್ರಾಪ್ ಸಿ ಅಂತ ಓಡಾಡಿದರೆ ಇಂಟೊನೇಶನ್ (ಫ್ರೆಟ್ ಒತ್ತಿದಾಗಿನ ಶ್ರುತಿ) ಎರಡರಲ್ಲೂ ಕೆಡುತ್ತೆ. ಯಾವುದಾದರೂ ಒಂದಕ್ಕೆ ನಿಲ್ಲಿ.

ತಂತಿಮೀಟು:

ಮಿಡ್ 5 ಇಟ್ಟು ನೋಡ್ತೀನಿ. ಕೊನೇ ಪ್ರಶ್ನೆ, ಡೀಪ್ ಪರ್ಪಲ್ ಎಲ್ಲಿಗೆ ಹಾಕ್ಲಿ?

ಎಡಗೈಶ್ರೋತೃ:

ಹಾರ್ಡ್ ರಾಕ್. ಜಾನ್ ಲಾರ್ಡ್ ಅವರ ಆರ್ಗನ್ ಗಿಟಾರಿನಷ್ಟೇ ಜಾಗ ಆಳುತ್ತದೆ, ಇಯಾನ್ ಪೇಸ್ ಡ್ರಮ್ಸ್‌ನಲ್ಲಿ ಸ್ವಿಂಗ್ ಇದೆ. 1972ರ "ಹೈವೇ ಸ್ಟಾರ್" ಒಂದನ್ನು ಬೇಕಿದ್ದರೆ ಮೆಟಲ್ ಕಡೆ ತಳ್ಳಿ. ಆ ಓಟ, ಸೋಲೋದ ಶಾಸ್ತ್ರೀಯ ಆರ್ಪೆಜಿಯೋಗಳು (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಮುಂದಿನ ಮೆಟಲ್‌ನವರ ಕೈಗೆ ನೇರವಾಗಿ ಬಂದವು. ಟ್ಯಾಗ್ ಬ್ಯಾಂಡ್‌ಗೆ ಹಾಕುವ ಬದಲು ಹಾಡಿಗೆ ಹಾಕಿ, ಈ ಜಗಳ ಅರ್ಧ ಕಡಿಮೆಯಾಗುತ್ತದೆ.

ಡ್ರಮ್‌ಕಡ್ಡಿ:

"ಹೈವೇ ಸ್ಟಾರ್" ಮೆಟಲ್ ಅಂತೆ! ಆ ಸ್ನೇರ್ ಇನ್ನೊಂದು ಸಲ ಕೇಳಿ ಬನ್ನಿ.