ಸಹಾಯ ಬೇಕು: ಪ್ರಶ್ನೆ ಕೇಳುವ ‘ಆ’ ಹೇಗೆ ಕಲಿಸೋದು?

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಹಿಂದಿ ಹುಡುಗಿಗೆ ಸಂಜೆ ಕನ್ನಡ ಹೇಳಿಕೊಡುತ್ತಿದ್ದೇನೆ. ಮೊನ್ನೆ ಜಗಲಿ ಮೇಲೆ ಕೂತು ‘ಆ ಲೋಟ ಕೊಡಮ್ಮ’ ಅಂದೆ. ‘ಆ’ ಕೇಳಿದ್ದೇ ತಡ, ಎದ್ದು ನನ್ನ ಹತ್ತಿರ ಬಂದು ನಿಂತಳು. ಹಿಂದಿಯಲ್ಲಿ ‘ಆ’ ಅಂದರೆ ‘ಬಾ’ ಅಲ್ವಾ!

ತೆಲುಗು, ಮಲಯಾಳಂನಲ್ಲಿ ‘ಆ’ ನಮ್ಮ ಹಾಗೇ ದೂರದ್ದನ್ನು ತೋರಿಸುತ್ತದೆ. ಹಳೆಯ ತಮಿಳಿನಲ್ಲಿ ‘ಆ’ ಅಂದರೆ ಹಸು. ನಮ್ಮ ಆಕಳೂ ಅದೇ ಬಳಗ. ಇದೆಲ್ಲ ಅವಳಿಗೆ ಕಥೆಯ ಹಾಗೆ ಹೇಳಿದೆ, ಖುಷಿಪಟ್ಟಳು.

ಕಷ್ಟ ಆಗಿರೋದು ಪ್ರಶ್ನೆಯ ‘ಆ’. ‘ನೀನು ನಿನ್ನೆ ಬಂದೆಯಾ?’, ‘ನೀನು ನಿನ್ನೆನಾ ಬಂದಿದ್ದು?’, ‘ನೀನಾ ನಿನ್ನೆ ಬಂದಿದ್ದು?’ ‘ಆ’ ಎಲ್ಲಿ ಅಂಟುತ್ತದೋ ಅನುಮಾನ ಅಲ್ಲಿರುತ್ತದೆ. ಕೊನೆಯ ಎರಡರಲ್ಲಿ ‘ಬಂದೆ’ ಹೋಗಿ ‘ಬಂದಿದ್ದು’ ಬರುತ್ತದೆ. ಹಿಂದಿಯಲ್ಲಿ ಮೊದಲೇ ‘ಕ್ಯಾ’ ಇಟ್ಟು ಅಭ್ಯಾಸ, ಹಾಗಾಗಿ ಅವಳು ‘ಏನು ನೀನು ಬಂದೆ?’ ಅಂತಾಳೆ. ತಮಿಳು, ತೆಲುಗಿನ ಮಕ್ಕಳಿಗಾದರೆ ಈ ‘ಆ’ ಮನೆಯಲ್ಲೇ ಇದೆ. ಮಲಯಾಳಿಗಳು ‘ಓ’ ಸೇರಿಸುತ್ತಾರೆ.

ಬೇರೆ ಭಾಷೆಯ ಮಕ್ಕಳಿಗೆ ಕನ್ನಡ ಕಲಿಸಿದವರು ಇದ್ದೀರಾ? ಇದನ್ನು ಯಾವ ಆಟ, ಯಾವ ಉದಾಹರಣೆಯಿಂದ ಹೇಳಿಕೊಟ್ಟಿರಿ? ವ್ಯಾಕರಣದ ದೊಡ್ಡ ಹೆಸರುಗಳು ಬೇಡ, ಅವಳಿಗಿನ್ನೂ 8 ವರ್ಷ. ಭಾನುವಾರದೊಳಗೆ ತಿಳಿಸಿದರೆ ತುಂಬಾ ಉಪಕಾರ.